ಬನಕ್ಕೊಬ್ಬ ಅರ್ಚಕ: ಫ್ಯಾಂಟಸಿ ಆಟಕ್ಕೆ ಡ್ರೂಯಿಡ್ ಪಾತ್ರ ಕಟ್ಟುವ ಬಗೆ

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಕ್ಕೆ ನಾಲ್ಕೈದು ಜನ ತಲಾ ಒಂದು ಪಾತ್ರ ವಹಿಸಿ ಕಥೆಯಾಡಲು ಮೇಜಿನ ಸುತ್ತ ಕುಳಿತರೆ ಅವರಲ್ಲೊಬ್ಬರು ಡ್ರೂಯಿಡ್, ಅಂದರೆ ನಿಸರ್ಗದ ಶಕ್ತಿಯುಳ್ಳ ಅರ್ಚಕ, ಆಗುತ್ತೇನೆ ಎನ್ನುತ್ತಾರೆ. ವಿವರ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಕಾಡಿನಲ್ಲಿ ಬೆಳೆದವನು, ಪ್ರಾಣಿಗಳೆಂದರೆ ಪ್ರೀತಿ, ಊರಿನವರನ್ನು ಕಂಡರಾಗದು. ಯಾವ ಕಾಡು, ಅಲ್ಲಿ ಯಾವ ಮರ, ಯಾವ ಹೊಳೆ ಎಂದರೆ ಮಾತಿಲ್ಲ. ಮೂರನೆಯ ಸೆಷನ್ ಹೊತ್ತಿಗೆ ಆ ಪಾತ್ರಕ್ಕೆ ಎರಡೇ ಕೆಲಸ ಉಳಿದಿರುತ್ತವೆ. ಒಂದು, ಗಾಯಗೊಂಡವರನ್ನು ಎಬ್ಬಿಸುವುದು. ಇನ್ನೊಂದು, ಜಗಳ ಬಂದಾಗ ಕರಡಿಯಾಗುವುದು.

ಮಂಗಳೂರು, ಉಡುಪಿ ಕಡೆಯ ಆಟಗಾರರು ಇಷ್ಟಕ್ಕೆ ತೃಪ್ತರಾದರೆ ನನಗೆ ಸಿಟ್ಟು ಬರುತ್ತದೆ. ಗದ್ದೆಯ ನಡುವೆ ಕೊಡಲಿ ತಾಗದ ನಾಗಬನ, ವರ್ಷದಲ್ಲಿ ಮೂರು ದಿನ ಭೂಮಿಯನ್ನು ಅಗೆಯಬಾರದೆಂಬ ಕೆಡ್ಡಸ, ಮಳೆಗಾಲದಲ್ಲಿ ದಡಕ್ಕೆ ಬಂದು ನಿಲ್ಲುವ ದೋಣಿಗಳು, ಇವೆಲ್ಲ ಬಸ್ಸಿನ ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿವೆ. ಮನುಷ್ಯನಿಗೂ ನೆಲಕ್ಕೂ ನಡುವಿನ ಒಪ್ಪಂದ ಹೇಗಿರುತ್ತದೆ ಎಂಬುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ನಾನು ಹೇಳುವ ಕ್ರಮ ಸರಳ: ಮೊದಲು ನೆಲದ ಗಡಿ, ಆಮೇಲೆ ಕಟ್ಟುಕಟ್ಟಳೆ, ಶಕ್ತಿಗಳ ಪಟ್ಟಿ ಎಲ್ಲಕ್ಕಿಂತ ಕೊನೆಗೆ. ಪುಸ್ತಕ ತೆರೆದು ಸ್ಪೆಲ್‌ಗಳಿಂದ (ಪಾತ್ರ ಹಾಕುವ ಮಂತ್ರಗಳಿಂದ) ಶುರು ಮಾಡುವವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಇಲ್ಲಿ ಕೊಡುವ ಲೆಕ್ಕಗಳೆಲ್ಲ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೆಯ ಆವೃತ್ತಿಯ 2014ರ ನಿಯಮಗಳವು. ಆ ನಿಯಮಗಳ ಮುಖ್ಯ ಭಾಗ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ದುಬಾರಿ ಪುಸ್ತಕ ಕೊಳ್ಳದೆಯೂ ಆಡಬಹುದು. ಬೇರೆ ಆಟ ಆಡುವವರು ಅಂಕಿಗಳನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಿ.

ಗಡಿ ಹಾಕಿ

ಒಂದು ಹಗಲಿನಲ್ಲಿ ಸುತ್ತು ಹಾಕಿ ಬರಬಹುದಾದಷ್ಟೇ ನೆಲವನ್ನು ಪಾತ್ರಕ್ಕೆ ಕೊಡಿ. ‘ಪ್ರಕೃತಿಯ ರಕ್ಷಕ’ ಎಂದರೆ ಯಾವುದನ್ನೂ ರಕ್ಷಿಸದವನು. ಹೊಳೆಯ ಈ ಬದಿಯ ಕಾಂಡ್ಲಾ ಗಿಡಗಳನ್ನು ಕಾಯುವವಳು ಎಂದಾಕ್ಷಣ ಅವಳಿಗೆ ಎದುರಾಳಿಗಳೂ ನೆರೆಯವರೂ ಚಿಂತೆಗಳೂ ತಾವಾಗಿ ಬರುತ್ತವೆ.

ನಮ್ಮ ಜಿಲ್ಲೆಗಳಲ್ಲೇ ಇದಕ್ಕೆ ಎಷ್ಟೋ ಮಾದರಿಗಳಿವೆ. ನೇತ್ರಾವತಿಯೂ ಫಲ್ಗುಣಿಯೂ ಕಡಲು ಸೇರುವ ಮಂಗಳೂರಿನ ಅಳಿವೆಯನ್ನು ನೋಡಿ. ಸಿಹಿನೀರು ಎಲ್ಲಿ ಮುಗಿಯಿತು, ಉಪ್ಪುನೀರು ಎಲ್ಲಿ ಶುರುವಾಯಿತು ಎಂದು ಬೆರಳು ತೋರಿಸಿ ಹೇಳಲಾಗದು. ಮಳೆಗಾಲದಲ್ಲಿ ಹೊಳೆ ಕಡಲನ್ನು ಹಿಂದಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಉಪ್ಪು ಒಳನಾಡಿಗೆ ಏರುತ್ತದೆ, ಮರಳದಂಡೆ ಜಾಗ ಬದಲಿಸುತ್ತದೆ. ಇಂಥ ಜಾಗದ ಅರ್ಚಕಿ ತನ್ನ ಗಡಿಯನ್ನು ವರ್ಷಕ್ಕೆ ಎರಡು ಬಾರಿ ಹೊಸದಾಗಿ ಗುರುತಿಸಬೇಕು, ಪ್ರತಿ ಬಾರಿಯೂ ಯಾರದೋ ತೋಟ ಒಳಗೆ ಬರುತ್ತದೆ, ಯಾರದೋ ಹೊರಗೆ ಹೋಗುತ್ತದೆ. ಕಥೆಗೆ ಇನ್ನೇನು ಬೇಕು? ಮಲ್ಪೆಯಿಂದ ಕಾಣುವ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಲಾವಾ ತಣಿದು ಬಿರುಕುಬಿಟ್ಟು ಆದವು. ಕಲ್ಲಿನ ನೆನಪನ್ನು ಓದಬಲ್ಲ, ಮರದ ಮಾತು ತಿಳಿಯದ ಒಬ್ಬ ಮೂಕ ಸನ್ಯಾಸಿಗೆ ಆ ದ್ವೀಪ ಸಾಕು. ಆಗುಂಬೆ ಘಟ್ಟದ ಬುಡದಲ್ಲಿ ಕಾಳಿಂಗ ಸರ್ಪ ಮನೆಯ ಅಟ್ಟಕ್ಕೂ ಬರುತ್ತದೆ, ಊರವರು ಕೊಲ್ಲದೆ ದಾರಿ ಬಿಡುತ್ತಾರೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಐದಾರು ಸೆಂಟ್ಸಿನ ಬನ. ಸುತ್ತ ಗದ್ದೆ, ನಡುವೆ ಬಳ್ಳಿ ಹೆಣೆದುಕೊಂಡ ಹಳೆಯ ಮರಗಳು, ಬುಡದಲ್ಲಿ ಕಲ್ಲುಗಳು. ಅಷ್ಟು ಚಿಕ್ಕ ಜಾಗವನ್ನು ಕಾಯುವವನಿಗೆ ಪ್ರತಿಯೊಂದು ಮರದ ಪರಿಚಯವೂ ಇರುತ್ತದೆ, ಒಂದು ಕೊಂಬೆ ಬಿದ್ದರೂ ಅದು ಸುದ್ದಿ.

ನೆಲ ಗೊತ್ತಾದ ಮೇಲೆ ಒಂದು ಹಾಳೆಯಲ್ಲಿ ಅದರ ನಕ್ಷೆ ಬರೆಯಿರಿ. ಚೆನ್ನಾಗಿ ಬರೆಯಬೇಕೆಂದಿಲ್ಲ. ನಾಲ್ಕು ಮೂಲೆಗಳಲ್ಲಿ ಏನಿದೆ, ನೀರು ಎಲ್ಲಿಂದ ಬರುತ್ತದೆ, ಆ ನೆಲದ ಮೇಲೆ ಬೇರೆ ಯಾರಿಗೆ ಹಕ್ಕಿದೆ, ಈಗ ಅದನ್ನು ಏನು ತಿನ್ನುತ್ತಿದೆ ಎಂದು ಗುರುತು ಹಾಕಿ. ಕೊನೆಯ ಪ್ರಶ್ನೆಗೆ ಉತ್ತರವಾಗಿ ‘ಕತ್ತಲೆಯ ಶಕ್ತಿ’ ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಿ. ಕಡಲ್ಕೊರೆತ, ಮರಳು ತೆಗೆಯುವವರು, ಅಗಲವಾಗಬೇಕಾದ ರಸ್ತೆ, ಭಕ್ತಿಯಿಂದಲೇ ಬನದ ಮರ ಕಡಿಸಿ ಕಾಂಕ್ರೀಟ್ ಕಟ್ಟೆ ಹಾಕಿಸುವ ಮನೆತನ, ಇವು ಯಾವ ರಾಕ್ಷಸನಿಗೂ ಕಡಿಮೆಯಲ್ಲ. ಅದರಲ್ಲೂ ಕೊನೆಯ ಎದುರಾಳಿಗೆ ಕತ್ತಿ ತೋರಿಸಲಾಗದು, ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದ್ದಾರೆ.

ಮಾಡಬಾರದ್ದನ್ನು ಬರೆಯಿರಿ

2014ರ ನಿಯಮದಲ್ಲಿ ಡ್ರೂಯಿಡ್‌ಗಳು ಲೋಹದ ಕವಚ ತೊಡುವುದಿಲ್ಲ, ಲೋಹದ ಗುರಾಣಿ ಹಿಡಿಯುವುದಿಲ್ಲ. ಕಾರಣವನ್ನು ಪುಸ್ತಕ ವಿವರಿಸುವುದಿಲ್ಲ, ಆಟಗಾರರು ಗೊಣಗುತ್ತಾರೆ. ನನ್ನ ಮಟ್ಟಿಗೆ ಇಡೀ ಪಾತ್ರದಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ.

ಈ ಪಾತ್ರಕ್ಕೆ ಹೆಸರು ಕೊಟ್ಟ ಡ್ರೂಯಿಡ್‌ಗಳು ಹಳೆಯ ಗಾಲ್ ಮತ್ತು ಬ್ರಿಟನ್ ನಾಡುಗಳ ಅರ್ಚಕರು. ಅವರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ, ಕೆಲವರು ಇಪ್ಪತ್ತು ವರ್ಷ ಬಾಯಿಪಾಠ ಕಲಿಯುತ್ತಿದ್ದರು ಎಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ಓಕ್ ಮರದ ಮೇಲೆ ಬೆಳೆದ ಬಂದಳಿಕೆಯನ್ನು ಅವರು ಚಂದ್ರನ ಆರನೆಯ ದಿನ, ಬಿಳಿ ಬಟ್ಟೆ ಉಟ್ಟು, ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಿದ್ದರೆಂದು ಪ್ಲಿನಿ ಹೇಳುತ್ತಾನೆ. ಇಬ್ಬರೂ ರೋಮನ್ನರು, ಇಬ್ಬರದೂ ಹೊರಗಿನವರ ಕಣ್ಣು. ಡ್ರೂಯಿಡ್‌ಗಳು ತಾವೇ ಬರೆದದ್ದು ನಮಗೆ ಉಳಿದಿಲ್ಲ.

ಈಗ ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಬನ್ನಿ. ತುಳುನಾಡಿನಲ್ಲಿ ಅಂದು ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುತ್ತಾರೆ, ಆಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಆ ತೊಗಟೆಯನ್ನು ಕತ್ತಿಯಿಂದ ಕೆತ್ತುವ ಕ್ರಮವಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಅಲ್ಲಿ ಚಿನ್ನ, ಇಲ್ಲಿ ಕಲ್ಲು. ಎರಡೂ ಕಡೆ ಹೊತ್ತು ಗೊತ್ತು, ಮರ ಗೊತ್ತು, ಯಾವ ಸಾಧನ ಎಂಬುದೂ ಗೊತ್ತು. ನಿಮ್ಮ ಪಾತ್ರದ ಲೋಹದ ನಿಷೇಧಕ್ಕೆ ಇಂಥ ಒಂದು ಹುಟ್ಟನ್ನು ಕೊಡಿ. ‘ಡ್ರೂಯಿಡ್‌ಗಳು ಲೋಹ ಮುಟ್ಟುವುದಿಲ್ಲ’ ಎನ್ನುವುದರ ಬದಲು ‘ಮದ್ದಿನ ಮರಕ್ಕೆ ಕಬ್ಬಿಣ ತಾಗಿದರೆ ಆ ವರ್ಷ ಮದ್ದು ಕೆಲಸ ಮಾಡದು ಎಂದು ನನ್ನ ಗುರು ಹೇಳಿದ್ದಾಳೆ’ ಎಂದರೆ ಸಾಕು, ಮೇಜಿನಲ್ಲಿ ಕುಳಿತವರು ತಿರುಗಿ ನೋಡುತ್ತಾರೆ.

ಅದಕ್ಕೆ ಇನ್ನೆರಡು ಕಟ್ಟಳೆಗಳನ್ನು ಸೇರಿಸಿ. ಮೂರಕ್ಕಿಂತ ಹೆಚ್ಚಾದರೆ ನೀವೇ ಮರೆಯುತ್ತೀರಿ. ಒಂದು ಕಟ್ಟಳೆ ಕಾಲಕ್ಕೆ ಸೇರಿದ್ದಾಗಿರಲಿ. ಫೆಬ್ರುವರಿಯ ಹೊತ್ತಿಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ನಮ್ಮಲ್ಲಿ ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಆಟದ ಲೋಕದಲ್ಲಿ ಇಂಥದೇ ಮೂರು ದಿನ ಇವೆ ಎಂದುಕೊಳ್ಳಿ. ಎರಡನೆಯ ದಿನ ಸುರಂಗ ಕುಸಿದು ಪಾರ್ಟಿಯ (ಒಟ್ಟಿಗೆ ಸಾಹಸಕ್ಕೆ ಹೊರಟ ಪಾತ್ರಗಳ ಗುಂಪಿನ) ಗೆಳೆಯನೊಬ್ಬ ಮಣ್ಣಿನಡಿ ಸಿಕ್ಕಿಕೊಂಡರೆ ಅಗೆಯುವವರು ಯಾರು? ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಮೀನು ಮರಿಮಾಡುವ ಕಾಲವೆಂದು ಸರ್ಕಾರವೇ ಹಾಕಿದ 61 ದಿನಗಳ ಕಟ್ಟು. ಕಡಲಿನ ಅರ್ಚಕನಿಗೆ ಇದಕ್ಕಿಂತ ತಯಾರಾದ ನಿಯಮ ಬೇಕಿಲ್ಲ. ಹಸಿದ ಊರು, ತುಂಬಿದ ಕಡಲು, ನಡುವೆ ‘ಇನ್ನೂ ಆಗದು’ ಎಂದು ನಿಂತ ಒಬ್ಬಳು ಮುದುಕಿ.

ಉಳಿದ ಕಟ್ಟಳೆ ಪಾತ್ರಕ್ಕೇ ಪೂರ್ತಿ ನಂಬಿಕೆಯಿಲ್ಲದ್ದಾಗಿದ್ದರೆ ಒಳ್ಳೆಯದು. ಗುರು ಹೇಳಿದ್ದರಿಂದ ಪಾಲಿಸುತ್ತಾಳೆ, ಒಳಗೊಳಗೆ ಅನುಮಾನ. ಆಡುತ್ತ ಹೋದಂತೆ ಆ ಅನುಮಾನ ಎತ್ತ ಕಡೆ ವಾಲುತ್ತದೆಯೋ ಪಾತ್ರವೂ ಅತ್ತ ಬೆಳೆಯುತ್ತದೆ.

ಕಟ್ಟಳೆ ಚೆನ್ನಾಗಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ: ಪಾಲಿಸಿದಾಗ ಏನಾದರೂ ಕಳೆದುಕೊಳ್ಳಬೇಕು. ‘ಮಗುವನ್ನು ಕೊಲ್ಲುವುದಿಲ್ಲ’ ಎಂಬ ಪ್ರತಿಜ್ಞೆ ಯಾರಿಗೂ ಕಷ್ಟ ಕೊಡದು. ‘ಕಟ್ಟಿಹಾಕಿದ ಪ್ರಾಣಿಯನ್ನು ಕಂಡರೆ ಬಿಚ್ಚಲೇಬೇಕು’ ಎಂಬುದು ಸಂತೆಯ ದಿನ ಇಡೀ ಪಾರ್ಟಿಯನ್ನು ಓಡಿಸುತ್ತದೆ.

ಗುಡಿಯವರೋ, ಬನದವರೋ

ನಿಸರ್ಗದ ಅರ್ಚಕರಿಗೆ ಆಟದಲ್ಲಿ ಎರಡು ದಾರಿಗಳಿವೆ. ಡ್ರೂಯಿಡ್ ಒಂದು, ನೇಚರ್ ಡೊಮೇನಿನ ಕ್ಲೆರಿಕ್ ಇನ್ನೊಂದು. ಕ್ಲೆರಿಕ್‌ಗೆ ಒಬ್ಬ ದೇವರಿದ್ದಾನೆ, ಭಾರಿ ಕವಚ ತೊಡಬಹುದು, ಡ್ರೂಯಿಡ್‌ಗಳ ಒಂದು ಕ್ಯಾಂಟ್ರಿಪ್ (ಎಷ್ಟು ಬಾರಿಯಾದರೂ ಹಾಕಬಹುದಾದ ಚಿಕ್ಕ ಸ್ಪೆಲ್) ಸಿಗುತ್ತದೆ, ಎರಡನೆಯ ಲೆವೆಲ್ಲಿನಲ್ಲಿ ಪ್ರಾಣಿಗಳನ್ನೂ ಗಿಡಗಳನ್ನೂ ಒಲಿಸಿಕೊಳ್ಳುವ ಶಕ್ತಿ ಬರುತ್ತದೆ. ಪ್ರಾಣಿರೂಪ ಇಲ್ಲ. ಸುಗ್ಗಿ, ಮಳೆ, ಬಿತ್ತನೆಗಳ ದೇವತೆಗೆ ಊರ ನಡುವೆ ಗುಡಿ ಇದ್ದು, ಹಬ್ಬಕ್ಕೆ ಮುಂದಾಳಾಗಿ, ನ್ಯಾಯ ಪಂಚಾಯಿತಿಯಲ್ಲಿ ಕುಳಿತುಕೊಳ್ಳುವ ಪಾತ್ರ ಬೇಕಾದರೆ ಕ್ಲೆರಿಕ್ ಸರಿ. ಊರಿನ ಅಂಚಿನಲ್ಲಿದ್ದು, ಬೇಕಾದಾಗ ಮಾತ್ರ ಜನ ಹುಡುಕಿಕೊಂಡು ಬರುವವರಾದರೆ ಡ್ರೂಯಿಡ್. ಇಬ್ಬರನ್ನೂ ಒಂದೇ ಪಾರ್ಟಿಯಲ್ಲಿ ಇಟ್ಟು ನೋಡಿ: ನೆಲ ಒಂದೇ, ಹೊಣೆ ಬೇರೆ ಬೇರೆ, ಮೂರನೆಯ ಮಾತಿಗೆ ವಾದ.

ಶೀಟಿನ ಲೆಕ್ಕ

ಶೀಟ್ ಎಂದರೆ ಪಾತ್ರದ ಅಂಕಿಗಳನ್ನು ಬರೆದಿಡುವ ಹಾಳೆ. ಇದನ್ನು ಬೇಗ ಮುಗಿಸೋಣ. ಮನುಷ್ಯ ಜಾತಿಯ ಒಂದನೆಯ ಲೆವೆಲ್ ಡ್ರೂಯಿಡ್ ಅನ್ನು ಉದಾಹರಣೆಗೆ ಇಟ್ಟುಕೊಂಡು, ಅವಳಿಗೆ ಅಕ್ಕು ಎಂದು ಹೆಸರಿಡುತ್ತೇನೆ. ಅಳಿವೆಯ ಬದಿಯ ಬನ ಅವಳದು. ಸಿದ್ಧ ಅಂಕಿಗಳಾದ 15, 14, 13, 12, 10, 8ರಲ್ಲಿ ದೊಡ್ಡದನ್ನು ವಿಸ್ಡಮ್‌ಗೆ (ವಿವೇಕ), ಮುಂದಿನದನ್ನು ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ಗಟ್ಟಿತನ), ಆಮೇಲಿನದನ್ನು ಡೆಕ್ಸ್‌ಟೆರಿಟಿಗೆ (ಚುರುಕುತನ) ಕೊಡಿ. ಮನುಷ್ಯರಿಗೆ ಎಲ್ಲದಕ್ಕೂ ಒಂದೊಂದು ಸೇರುವುದರಿಂದ ವಿಸ್ಡಮ್ 16, ಕಾನ್‌ಸ್ಟಿಟ್ಯೂಷನ್ 15, ಡೆಕ್ಸ್‌ಟೆರಿಟಿ 14 ಆಗುತ್ತದೆ. ಹಿಟ್ ಪಾಯಿಂಟ್, ಅಂದರೆ ತಡೆದುಕೊಳ್ಳಬಲ್ಲ ಪೆಟ್ಟಿನ ಲೆಕ್ಕ, 8ಕ್ಕೆ ಕಾನ್‌ಸ್ಟಿಟ್ಯೂಷನ್‌ನ 2 ಸೇರಿ 10. ಚರ್ಮದ ಕವಚಕ್ಕೆ ಮರದ ಗುರಾಣಿ ಸೇರಿದರೆ ಆರ್ಮರ್ ಕ್ಲಾಸ್ (ಎದುರಾಳಿಯ ಏಟು ತಾಗಲು ಮುಟ್ಟಬೇಕಾದ ಅಂಕಿ) 15. ಎದುರಾಳಿ ಅವಳ ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ಮುಟ್ಟಬೇಕಾದ ಅಂಕಿ ಮೂಲದ 8, ಪರಿಣತಿಯ 2, ವಿಸ್ಡಮ್‌ನ 3 ಕೂಡಿ 13. ದಿನಕ್ಕೆ ನಾಲ್ಕು ಸ್ಪೆಲ್ ಸಿದ್ಧ ಮಾಡಿಕೊಂಡು ಅವುಗಳಲ್ಲಿ ಎರಡು ಬಾರಿ ಪ್ರಯೋಗಿಸಬಹುದು. ಎರಡು ಕ್ಯಾಂಟ್ರಿಪ್‌ಗಳಿಗೆ ಲೆಕ್ಕವಿಲ್ಲ.

ಕೌಶಲಗಳಲ್ಲಿ ಒಂದು ತಮಾಷೆಯಿದೆ. ‘ನೇಚರ್’ ಕೌಶಲ ಇಂಟೆಲಿಜೆನ್ಸ್‌ಗೆ ಸೇರಿದ್ದು. ಹಾಗಾಗಿ ಕಾಡನ್ನೇ ಕಾಣದ, ಗ್ರಂಥಾಲಯದಲ್ಲಿ ಕುಳಿತ ಮಾಂತ್ರಿಕನಿಗೆ ಗಿಡಗಳ ಬಗ್ಗೆ ಡ್ರೂಯಿಡ್‌ಗಿಂತ ಹೆಚ್ಚು ಗೊತ್ತಿರಬಹುದು. ಹಲವರು ಇದನ್ನು ನಿಯಮದ ದೋಷ ಎನ್ನುತ್ತಾರೆ. ನನಗೆ ಅದು ವರ. ಮಾಂತ್ರಿಕ ಗಿಡದ ಜಾತಿ ಹೇಳಲಿ. ಅಕ್ಕು ಸರ್ವೈವಲ್, ಮೆಡಿಸಿನ್, ಪರ್ಸೆಪ್ಷನ್‌ಗಳಿಂದ ಅದನ್ನು ಗುರುತಿಸಲಿ. ನಮ್ಮಲ್ಲಿ ಪಾಲೆಯೆಂದು ತಿಳಿದು ಕಾಸರಕನ ತೊಗಟೆ ತಂದು ಕುಡಿದರೆ ಆಸ್ಪತ್ರೆಯೇ ಗತಿ, ಅದರಲ್ಲಿರುವುದು ವಿಷ. ಬೆಳಕಿಲ್ಲದ ಹೊತ್ತಿನಲ್ಲಿ ತೊಗಟೆಯನ್ನು ಮುಟ್ಟಿ, ಮೂಸಿ, ಇದೇ ಹೌದು ಎನ್ನುವುದು ಪುಸ್ತಕದ ವಿದ್ಯೆಯಲ್ಲ. ಇಂಥ ಸಂದರ್ಭಕ್ಕೆ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ವಿಸ್ಡಮ್ ದಾಳ ಕೇಳಬೇಕು. ಹಿನ್ನೆಲೆಯಾಗಿ ಹರ್ಮಿಟ್ ಅಥವಾ ಔಟ್‌ಲ್ಯಾಂಡರ್ ಆರಿಸಿಕೊಳ್ಳುವವರೇ ಹೆಚ್ಚು. ಅಕ್ಕುವಿಗೆ ನಾನು ಫೋಕ್ ಹೀರೋ ಕೊಡುತ್ತೇನೆ. ಊರಿನವರು ಬಚ್ಚಿಟ್ಟು ಕಾಪಾಡುವಷ್ಟು ಊರಿಗೆ ಬೇಕಾದವಳು.

ತಿಂಗಳಿಗೆ ತಕ್ಕ ಸ್ಪೆಲ್

ಡ್ರೂಯಿಡ್ ದೀರ್ಘ ವಿಶ್ರಾಂತಿಯ ನಂತರ ಸ್ಪೆಲ್‌ಗಳ ಪಟ್ಟಿಯನ್ನು ಬದಲಿಸಬಹುದು. ಹೆಚ್ಚಿನ ಆಟಗಾರರು ಒಮ್ಮೆ ಆರಿಸಿದ್ದನ್ನು ಕೊನೆಯವರೆಗೆ ಇಟ್ಟುಕೊಳ್ಳುತ್ತಾರೆ. ಅದರ ಬದಲು ಎರಡು ಪಟ್ಟಿ ಬರೆದಿಡಿ, ಒಂದು ಮಳೆಗಾಲದ್ದು, ಒಂದು ಬೇಸಿಗೆಯದು. ಮಳೆಗಾಲದಲ್ಲಿ ಅಕ್ಕು ಹೀಲಿಂಗ್ ವರ್ಡ್, ಎಂಟ್ಯಾಂಗಲ್, ಫಾಗ್ ಕ್ಲೌಡ್, ಸ್ಪೀಕ್ ವಿತ್ ಅನಿಮಲ್ಸ್ ಸಿದ್ಧ ಮಾಡಿಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಹೀಲಿಂಗ್ ವರ್ಡ್ ಉಳಿದು, ನೀರು ಬರಿಸುವುದು, ಅನ್ನನೀರು ಶುದ್ಧ ಮಾಡುವುದು, ಗುಡ್‌ಬೆರಿ ಸೇರುತ್ತವೆ. ಯುದ್ಧದ ಲೆಕ್ಕದಲ್ಲಿ ಎರಡನೆಯ ಪಟ್ಟಿ ದುರ್ಬಲ. ಆದರೆ ಬಾವಿ ಬತ್ತಿದ ಊರಿನಲ್ಲಿ ಅದನ್ನು ಹಿಡಿದು ಬಂದವಳನ್ನು ಜನ ಮರೆಯುವುದಿಲ್ಲ.

ಐದನೆಯ ಲೆವೆಲ್ಲಿಗೆ ಸಿಗುವ ಕಾಲ್ ಲೈಟ್ನಿಂಗ್ ಸಾಮಾನ್ಯವಾಗಿ ಹತ್ತು ಮುಖದ ಮೂರು ದಾಳಗಳ ಹೊಡೆತ, ಹೊರಗೆ ಬಿರುಗಾಳಿ ಎದ್ದಿದ್ದರೆ ನಾಲ್ಕು. ನಮ್ಮ ಕರಾವಳಿಯನ್ನು ಮಾದರಿಯಾಗಿಟ್ಟ ಡಿಎಂ ಇದನ್ನು ಸೂಕ್ಷ್ಮವಾಗಿ ಬಳಸಬಹುದು. ಆಟಿಯ ನಡುವಿನ ಎಡೆಬಿಡದ ಮಳೆಯಲ್ಲಿ ಗುಡುಗು ಸಿಡಿಲು ಕಡಿಮೆ. ಮೇ ತಿಂಗಳ ಕೊನೆಯ ಸಂಜೆಗಳೂ ಅಕ್ಟೋಬರದ ಸಂಜೆಗಳೂ ಸಿಡಿಲಿನವು. ಶತ್ರುವಿನ ಮೇಲೆ ಏರಿಹೋಗಲು ಒಳ್ಳೆಯ ದಿನ ಯಾವುದೆಂದು ಅಕ್ಕುವಿಗೆ ಮೊದಲೇ ಗೊತ್ತಿರುತ್ತದೆ.

ಎರಡನೆಯ ಲೆವೆಲ್ಲಿನಲ್ಲಿ ಸರ್ಕಲ್ ಆಫ್ ದಿ ಲ್ಯಾಂಡ್ ಎಂಬ ಡ್ರೂಯಿಡ್ ಪಂಗಡ ಆರಿಸಿದವರು ಒಂದು ಬಗೆಯ ನೆಲವನ್ನೂ ಆರಿಸಬೇಕು. ನಮಗೆ ಹೇಳಿ ಮಾಡಿಸಿದ್ದು ಕೋಸ್ಟ್. ಮೂರನೆಯ ಲೆವೆಲ್ಲಿಗೆ ಮಿರರ್ ಇಮೇಜ್, ಮಿಸ್ಟಿ ಸ್ಟೆಪ್. ಐದಕ್ಕೆ ವಾಟರ್ ಬ್ರೀದಿಂಗ್, ವಾಟರ್ ವಾಕ್. ಮಿಸ್ಟಿ ಸ್ಟೆಪ್ ಬೇರೆ ಡ್ರೂಯಿಡ್‌ಗಳ ಸಾಮಾನ್ಯ ಪಟ್ಟಿಯಲ್ಲಿ ಇಲ್ಲದ್ದು. ವಾಟರ್ ಬ್ರೀದಿಂಗ್ ಹತ್ತು ಜನರಿಗೆ ಇಡೀ ಹಗಲು ರಾತ್ರಿ ನೀರಿನಡಿ ಉಸಿರು ಕೊಡುತ್ತದೆ. ಒಂದು ದೋಣಿಯ ಜನ ಮುಳುಗಿದಾಗ ಹನ್ನೊಂದನೆಯವನನ್ನು ಏನು ಮಾಡುವುದು ಎಂಬ ಪ್ರಶ್ನೆಯನ್ನೂ ಕೊಡುತ್ತದೆ.

ಈ ಎಲ್ಲದರ ನಡುವೆ ಜನ ಕಣ್ಣೆತ್ತಿ ನೋಡದ ಒಂದು ಸ್ಪೆಲ್ ಇದೆ, ಪ್ಲಾಂಟ್ ಗ್ರೋತ್. ಎಂಟು ಗಂಟೆ ಕುಳಿತು ಪ್ರಯೋಗಿಸಿದರೆ ಅರ್ಧ ಮೈಲಿ ತ್ರಿಜ್ಯದ ವೃತ್ತದೊಳಗಿನ ಗಿಡಗಳೆಲ್ಲ ಒಂದು ವರ್ಷ ಎರಡರಷ್ಟು ಫಸಲು ಕೊಡುತ್ತವೆ. ಆಟಗಾರರು ಇದನ್ನು ಓದಿ ಪುಟ ತಿರುಗಿಸುತ್ತಾರೆ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವ ಬೈಲಿನ ಮೇಲೆ ಇದನ್ನು ಇಟ್ಟು ಯೋಚಿಸಿ. ಈ ಸ್ಪೆಲ್ ಬಲ್ಲವಳು ಆ ಸೀಮೆಯ ಅತ್ಯಂತ ಪ್ರಬಲ ವ್ಯಕ್ತಿ. ಆ ವೃತ್ತದ ನಡುಬಿಂದು ಎಲ್ಲಿ ಎಂಬುದನ್ನು ಅವಳು ನಿರ್ಧರಿಸುತ್ತಾಳೆ. ವೃತ್ತದ ಒಳಗೆ ಬಿದ್ದವನು ಸಾಹುಕಾರ, ಹೊರಗೆ ಉಳಿದವನು ಸಾಲಗಾರ. ಅಕ್ಕಿಯ ಬೆಲೆ ಇಳಿಯುತ್ತದೆ, ಹೊರಗಿನವನ ಅಕ್ಕಿ ಕೇಳುವವರಿಲ್ಲ. ಬೆಳೆಯ ಜೊತೆ ಕಳೆಯೂ ಕೊಬ್ಬಬಹುದು, ಹೇರಳ ಕಾಳಿಗೆ ಹಂದಿ, ನವಿಲು ಇಳಿಯಬಹುದು. ಇದು ನಿಯಮದಲ್ಲಿಲ್ಲ, ಡಿಎಂ ಸೇರಿಸಿಕೊಳ್ಳಬೇಕು. ಒಂದು ದೃಶ್ಯ ಹೀಗಿರಬಹುದು:

“ಅಕ್ಕು, ಈ ಸಲ ನಮ್ಮ ಬೈಲಿನಿಂದಲೇ ಶುರು ಮಾಡು.”

“ಆಗಲಿ ಧಣಿಗಳೇ. ಬೈಲು ನಿಮ್ಮದು, ಸರಿ. ನೀರು ಇಳಿದು ಬರುವುದು ಮಾತ್ರ ಮೇಲಿನ ಗದ್ದೆಯವರ ಪುಣಿ ದಾಟಿ. ಅವರನ್ನು ಹೊರಗಿಟ್ಟು ನಾನು ಎಲ್ಲಿ ಕುಳಿತುಕೊಳ್ಳಲಿ?”

“ಅವರ ಮಾತು ನನಗೆ ಬಿಡು.”

“ಹಾಗಾದರೆ ಅವರನ್ನೂ ಕರೆಸಿ. ಮೂವರೂ ಒಟ್ಟಿಗೆ ಕುಳಿತು ಮಾತಾಡೋಣ.”

ಕತ್ತಿ ಹೊರಬರದೆ ಒಂದು ಸೆಷನ್ ಪೂರ್ತಿ ಇದರಲ್ಲೇ ಕಳೆಯಬಹುದು.

ಗುಡ್‌ಬೆರಿಯೂ ಹಾಗೆಯೇ. ಒಂದು ಬಾರಿಗೆ ಹತ್ತು ಹಣ್ಣು, ಒಂದು ತಿಂದರೆ ಒಬ್ಬರಿಗೆ ದಿನದ ಊಟವಾಯಿತು. ನಾನು ಈ ಹಣ್ಣಿಗೆ ಯಾವಾಗಲೂ ರೂಪ ಕೇಳುತ್ತೇನೆ. ಬೇಸಿಗೆಯಲ್ಲಿ ಪುನರ್ಪುಳಿಯೋ, ನೇರಳೆಯೋ, ಹಾದಿಬದಿಯ ಕೇಪುಳದ ಕೆಂಪು ಹಣ್ಣೋ? ಅದಕ್ಕೆ ಬೇಕಾದ ಸಾಮಗ್ರಿ ಬಂದಳಿಕೆಯ ಒಂದು ಕಡ್ಡಿ. ಯುರೋಪಿನ ಬಂದಳಿಕೆ ಬೇರೆ ಜಾತಿ, ನಮ್ಮ ಮಾವಿನ ಮರದ್ದು ಬೇರೆ. ಬದುಕುವ ಬಗೆ ಒಂದೇ, ಇನ್ನೊಂದು ಮರದ ರಸ ಹೀರಿ. ತೋಟದವರು ಕಡಿದು ಎಸೆಯುವ ಆ ಗಿಡವನ್ನು ಅಕ್ಕು ಬೇಡಿ ತೆಗೆದುಕೊಂಡು ಹೋಗುತ್ತಾಳೆ.

ಕಂಡ ಪ್ರಾಣಿ ಮಾತ್ರ

ಪ್ರಾಣಿರೂಪ ತಾಳುವ ಶಕ್ತಿಯಾದ ವೈಲ್ಡ್ ಶೇಪ್ ಎರಡನೆಯ ಲೆವೆಲ್ಲಿಗೆ ಬರುತ್ತದೆ. ನಿಯಮದಲ್ಲಿ ಒಂದು ಚಿಕ್ಕ ಷರತ್ತಿದೆ: ಮೊದಲು ಕಂಡಿರುವ ಪ್ರಾಣಿಯಾಗಿ ಮಾತ್ರ ಬದಲಾಗಬಹುದು. ಅಳಿವೆಯ ಬದಿ ಬೆಳೆದವಳು ಹಿಮಕರಡಿಯನ್ನು ಎಲ್ಲಿ ಕಂಡಳು? ಪಾತ್ರ ಕಂಡ ಪ್ರಾಣಿಗಳ ಪಟ್ಟಿಯನ್ನು ಮೊದಲೇ ಬರೆದು, ಪ್ರತಿಯೊಂದರ ಮುಂದೆ ಎಲ್ಲಿ, ಹೇಗೆ ಕಂಡಳು ಎಂದು ಒಂದು ಸಾಲು ಸೇರಿಸಿ. ಈ ಒಂದು ಸಾಲಿನಿಂದ ಪಾತ್ರದ ಬಾಲ್ಯ ಅರ್ಧ ಬರೆದಂತೆ.

ಎರಡನೆಯ ಲೆವೆಲ್ಲಿಗೆ ಈಜುವ, ಹಾರುವ ಪ್ರಾಣಿಗಳಿಲ್ಲ. ಬಲದ ಮಿತಿ, ಅಂದರೆ ಪ್ರಾಣಿಯ ಚಾಲೆಂಜ್ ರೇಟಿಂಗ್, ಕಾಲು ಅಂಶ. ಕಾಡುಹಂದಿ ಆ ಮಿತಿಯೊಳಗೆ ಬರುತ್ತದೆ. ಪ್ಯಾಂಥರ್ ಎಂದು ಕೊಟ್ಟಿರುವುದನ್ನು ಚಿರತೆಯಾಗಿ ಬಳಸಿ, ಅದೂ ಕಾಲು ಅಂಶವೇ, ಮರವನ್ನೂ ಏರುತ್ತದೆ. ಬೆಕ್ಕಿನ ಅಂಕಿಗಳನ್ನು ಪುನುಗು ಬೆಕ್ಕಿಗೆ, ವೀಸೆಲ್‌ನದನ್ನು ಮುಂಗುಸಿಗೆ ಕೊಡಬಹುದು. ಹಾವುಗಳಿಗೆ ಈಜುವ ವೇಗ ಇರುವುದರಿಂದ ನಾಲ್ಕನೆಯ ಲೆವೆಲ್ಲಿನವರೆಗೆ ಕಾಯಬೇಕು, ಮೊಸಳೆಯೂ ಆಗಲೇ. ಎಂಟಕ್ಕೆ ರೆಕ್ಕೆ, ಹುಲಿಯೂ ಎಂಟಕ್ಕೆ. ಉಚಿತ ದಾಖಲೆಯಲ್ಲಿ ನೀರುನಾಯಿ ಇಲ್ಲ, ಮಂಗಟ್ಟೆ ಹಕ್ಕಿಯೂ ಇಲ್ಲ. ವೀಸೆಲ್‌ಗೆ ಈಜು ಸೇರಿಸಿ ನಾಲ್ಕನೆಯ ಲೆವೆಲ್ಲಿಗೆ ನೀರುನಾಯಿ, ಹದ್ದಿನ ಅಂಕಿಗಳಿಂದ ಎಂಟಕ್ಕೆ ಮಂಗಟ್ಟೆ ಮಾಡಲು ಡಿಎಂ ಒಪ್ಪಿಗೆ ಕೇಳಿ. ಇದರಿಂದ ಆಟದ ತೂಕ ತಪ್ಪುವುದಿಲ್ಲ. ಪ್ರಾಣಿಗಳ ನಡೆ, ಗಾತ್ರ ಗೊತ್ತಾಗಬೇಕಾದರೆ ಒಂದು ದಿನ ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಹೋಗಿ ಬನ್ನಿ. ಚಿತ್ರದಲ್ಲಿ ಕಾಣದ ವಾಸನೆ ಅಲ್ಲಿ ಸಿಗುತ್ತದೆ, ಪಾತ್ರ ವರ್ಣಿಸುವಾಗ ಅದೇ ಹೆಚ್ಚು ಕೆಲಸಕ್ಕೆ ಬರುವುದು.

ಪ್ರಾಣಿರೂಪದಲ್ಲಿ ಸ್ಪೆಲ್ ಹಾಕಲಾಗದು, ಬುದ್ಧಿ ಮಾತ್ರ ತನ್ನದೇ. ಮೊದಲಿಗೆ ಒಂದು ಗಂಟೆ ಮಾತ್ರ ಉಳಿಯುವ ಈ ರೂಪವನ್ನು ಜಗಳಕ್ಕೇ ಬಳಸಬೇಕೆಂದಿಲ್ಲ. ರಾತ್ರಿ ಅಡಿಕೆ ತೋಟದಲ್ಲಿ ಪುನುಗು ಬೆಕ್ಕೊಂದು ಓಡಾಡಿದರೆ ಯಾರೂ ತಲೆಯೆತ್ತುವುದಿಲ್ಲ.

ದೈವಗಳನ್ನು ಮೇಜಿಗೆ ಕರೆಯಬೇಡಿ

ಕರಾವಳಿಯ ಆಟಗಾರರಿಗೆ ಒಂದು ಆಸೆ ಸಹಜ: ನಮ್ಮ ಪಂಜುರ್ಲಿಯನ್ನೋ ಪಿಲಿಚಾಮುಂಡಿಯನ್ನೋ ಆಟದ ದೇವತೆಯಾಗಿ ಮಾಡಿದರೆ ಹೇಗೆ? ನನ್ನ ಮೇಜಿನಲ್ಲಿ ಅದಕ್ಕೆ ಅವಕಾಶವಿಲ್ಲ. ದೈವಗಳಿಗೆ ಇಂದಿಗೂ ಕೋಲ, ನೇಮ ನಡೆಯುತ್ತವೆ; ಪಂಬದ, ಪರವ, ನಲಿಕೆ ಸಮುದಾಯಗಳವರು ಕಟ್ಟಿ ಆಡುವ ಆರಾಧನೆ ಅದು. ಪಕ್ಕದ ಮನೆಯವರು ಕೈಮುಗಿದು ನಿಲ್ಲುವ ಹೆಸರಿಗೆ ಹಿಟ್ ಪಾಯಿಂಟ್ ಬರೆದು, ದಾಳ ಹಾಕಿ ಸೋಲಿಸುವುದು ನನಗೆ ಒಗ್ಗುವುದಿಲ್ಲ. ಆವೇಶವನ್ನು, ದರ್ಶನವನ್ನು ಮೇಜಿನಲ್ಲಿ ಅಭಿನಯಿಸುವುದಂತೂ ಬೇಡವೇ ಬೇಡ. ಆಟಗಾರರಲ್ಲಿ ಎಲ್ಲರೂ ನಂಬುವವರಲ್ಲ ಎಂಬ ವಾದ ಬರುತ್ತದೆ. ನಂಬುವವನೊಬ್ಬ ಸುಮ್ಮನೆ ಕುಳಿತಿರಬಹುದು, ಅವನು ಬಾಯಿಬಿಟ್ಟು ಹೇಳದೆಯೂ ಇರಬಹುದು.

ಹೆಸರು, ವೇಷ, ಪಾಡ್ದನದ ಸಾಲು ಬಿಟ್ಟು, ವ್ಯವಸ್ಥೆಯನ್ನು ಗಮನಿಸಿ. ಅಲ್ಲಿ ಒಬ್ಬರೇ ಎಲ್ಲವನ್ನೂ ಮಾಡುವುದಿಲ್ಲ. ಕಟ್ಟುವವರು, ನುಡಿ ಕೇಳುವವರು, ಊರ ಪರವಾಗಿ ಎದುರು ನಿಂತು ಮಾತಾಡುವ ಗುತ್ತಿನ ಹಿರಿಯರು, ದೀವಟಿಗೆ ಹಿಡಿಯುವವರು, ಎಲ್ಲರಿಗೂ ಪಾಲಿದೆ, ಹಕ್ಕಿದೆ, ಜಗಳವೂ ಇದೆ. ಊರವರು ದೂರು ಹೇಳಿಕೊಳ್ಳುತ್ತಾರೆ, ನುಡಿ ಬರುತ್ತದೆ, ಮತ್ತೆ ಪ್ರಶ್ನೆ ಬರುತ್ತದೆ. ನಿಮ್ಮ ಕಲ್ಪನೆಯ ಹೊಳೆದೇವತೆಗೆ ಇಂಥದೊಂದು ಸಭೆ ಕೊಡಿ. ಅರ್ಚಕಿ ದೇವತೆಯ ಮಾತನ್ನು ಕೇಳಬಲ್ಲಳು, ಅದರ ಅರ್ಥ ಹೇಳುವ ಅಧಿಕಾರ ಮಾತ್ರ ಅವಳದಲ್ಲ, ಊರಿನ ಮೂವರು ಹಿರಿಯರದು ಎಂದಿಟ್ಟುಕೊಳ್ಳಿ. ಡಿಎಂಗೆ ಅಷ್ಟು ಸಾಕು.

ಪಾರ್ಟಿಯ ಜೊತೆ

ಸಾಹಸ ಎಂದರೆ ಊರು ಬಿಟ್ಟು ಹೋಗುವುದು. ನೆಲ ಕಾಯುವವಳು ನೆಲ ಬಿಟ್ಟು ಹೋಗುವುದೇಕೆ? ಇದಕ್ಕೆ ಉತ್ತರವಿಲ್ಲದೆ ಮೊದಲ ಸೆಷನ್‌ಗೆ ಬರಬೇಡಿ. ಸುಲಭದ ಉತ್ತರ ಹೊಳೆಯೇ ಕೊಡುತ್ತದೆ. ಅಳಿವೆಗೆ ಬರುವ ನೀರು ಘಟ್ಟದಲ್ಲಿ ಹುಟ್ಟುತ್ತದೆ. ನೀರಿನ ಬಣ್ಣ ಬದಲಾದರೆ ಮೇಲಕ್ಕೆ ಹೋಗಿ ನೋಡಲೇಬೇಕು. ದಾರಿಯಲ್ಲಿ ಬೇರೆಯವರ ಬನಗಳು ಸಿಗುತ್ತವೆ, ಅಲ್ಲಿ ಅವಳು ಬರೀ ಅತಿಥಿ. ಅಲ್ಲಿನ ಕಟ್ಟಳೆ ಕೇಳಿ ತಿಳಿದು, ಕಾಲಿಡುವ ಮೊದಲು ಒಪ್ಪಿಗೆ ಪಡೆಯಬೇಕು. ತನ್ನ ನೆಲದಲ್ಲಿ ಗಟ್ಟಿಯಾಗಿ ಮಾತಾಡುವವಳು ಬೇರೆಯವರ ನೆಲದಲ್ಲಿ ಹೇಗೆ ನಿಲ್ಲುತ್ತಾಳೆ ಎಂಬುದನ್ನು ಆಡಿ ತೋರಿಸಲು ಇದು ಒಳ್ಳೆಯ ಅವಕಾಶ.

ಗೆಳೆಯರಿಗೆ ಉಪದೇಶ ಮಾಡುವ ಡ್ರೂಯಿಡ್ ಮೇಜಿಗೆ ಹೊರೆ. ಕಟ್ಟಳೆಗಳು ನಿಮ್ಮ ಪಾತ್ರಕ್ಕೆ ಮಾತ್ರ. ಯೋಧ ಸೌದೆ ಕಡಿದರೆ ಕಡಿಯಲಿ, ಆ ಬೆಂಕಿಯ ಬಳಿ ಅಕ್ಕು ಮಲಗದಿದ್ದರಾಯಿತು. ಅವನು ಒಂದು ದಿನ ಏಕೆಂದು ಕೇಳುತ್ತಾನೆ. ಕೇಳುವವರೆಗೆ ಕಾಯಿರಿ.

ಕೊನೆಗೆ, ಶೀಟಿನ ತಳದಲ್ಲಿ ಒಂದು ಜಾಗ ಖಾಲಿ ಬಿಟ್ಟು ಅಲ್ಲಿ ಶಿಷ್ಯೆಯ ಹೆಸರು ಬರೆಯಿರಿ. ಈ ಆಟದಲ್ಲಿ ಪಾತ್ರಗಳು ಸಾಯುತ್ತವೆ. ಡ್ರೂಯಿಡ್ 1976ರಲ್ಲಿ ಆಟಗಾರರ ಕೈಗೆ ಬಂದ ಪಾತ್ರ; 1978ರ ನಿಯಮಗಳಲ್ಲಿ ಮೇಲಿನ ದರ್ಜೆಗಳಿಗೆ ಲೆಕ್ಕವಿತ್ತು, ಆರ್ಚ್‌ಡ್ರೂಯಿಡ್‌ಗಳು ಮೂವರು, ಗ್ರೇಟ್ ಡ್ರೂಯಿಡ್ ಒಬ್ಬನೇ. ಜಾಗ ಖಾಲಿಯಿಲ್ಲದಿದ್ದರೆ ಇದ್ದವನನ್ನು ಸೋಲಿಸಿಯೇ ಏರಬೇಕಿತ್ತು. ಆ ಕಾದಾಟ ಈಗಿಲ್ಲ, ಆದರೆ ಒಂದು ಬನಕ್ಕೆ ಒಬ್ಬರೇ ಎಂಬ ಲೆಕ್ಕವನ್ನು ನಾನು ಉಳಿಸಿಕೊಂಡಿದ್ದೇನೆ. ಅಕ್ಕು ಸತ್ತ ದಿನ ಶಿಷ್ಯೆ ಹೊಸ ಪಾತ್ರವಾಗಿ ಪಾರ್ಟಿ ಸೇರಲಿ, ಮೂರು ಕಟ್ಟಳೆಗಳಲ್ಲಿ ಎರಡನ್ನು ಹಾಗೆಯೇ ಎತ್ತಿಕೊಳ್ಳಲಿ. ಮೂರನೆಯದನ್ನು, ಅಕ್ಕುವಿಗೇ ಅನುಮಾನವಿದ್ದದ್ದನ್ನು, ಪಾಲಿಸುವುದೋ ಬಿಡುವುದೋ ಎಂದು ಅವಳು ಮೊದಲ ಸೆಷನ್ ಮುಗಿಯುವುದರೊಳಗೆ ಹೇಳಬೇಕು.